ಸಣ್ಣ ಗೆಲಾಕ್ಸಿಯ ಸಿಗ್ಮಾ ಯಾಕೆ ಹೆಚ್ಚು ಬಂತು: ಕೋಮಾ ಗುಚ್ಛದ ಕೆಂಪು ಗೆಲಾಕ್ಸಿಗಳ ಒಂದು ಪ್ರಕರಣ ಅಧ್ಯಯನ

ಕಲಬುರಗಿಯ ಒಂದು ಕಾಲೇಜಿನಲ್ಲಿ ಎಂ.ಎಸ್ಸಿ. ಭೌತಶಾಸ್ತ್ರದ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟ್. ಕೋಮಾ ಗೆಲಾಕ್ಸಿ ಗುಚ್ಛದಲ್ಲಿರುವ ಕೆಂಪು ಗೆಲಾಕ್ಸಿಗಳ ಒಳಗೆ ನಕ್ಷತ್ರಗಳ ವೇಗದಲ್ಲಿ ಎಷ್ಟು ಹರವು (ಇದಕ್ಕೇ ಸಿಗ್ಮಾ ಎನ್ನುವುದು) ಇದೆ ಎಂದು ಅಳೆದು, ಅದಕ್ಕೂ ಗೆಲಾಕ್ಸಿಯ ಹೊಳಪಿಗೂ ಇರುವ ನಂಟನ್ನು ಗ್ರಾಫಿನಲ್ಲಿ ತೋರಿಸಬೇಕು. ದತ್ತಾಂಶ ಎಸ್‌ಡಿಎಸ್‌ಎಸ್ (ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ) ಎಂಬ ಆಕಾಶ ಸಮೀಕ್ಷೆಯದು, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಲೆಕ್ಕಕ್ಕೆ ಪೈಥಾನ್‌ನಲ್ಲಿ ಬರೆದ ಪಿಪಿಎಕ್ಸ್‌ಎಫ್ ಎಂಬ ಉಚಿತ ಪ್ರೋಗ್ರಾಂ. ಮೊದಲ ಸುತ್ತಿನಲ್ಲಿ ದೊಡ್ಡ ಗೆಲಾಕ್ಸಿಗಳ ಉತ್ತರ ಸಮೀಕ್ಷೆಯ ಪಟ್ಟಿಯಲ್ಲಿದ್ದ ಬೆಲೆಗೆ ಹೊಂದಿತು. ಸಣ್ಣವು ಮಾತ್ರ ಎಲ್ಲವೂ ಒಂದೇ ದಿಕ್ಕಿನಲ್ಲಿ, ಮೇಲಕ್ಕೆ ಸರಿದಿದ್ದವು.

"ಸರ್, ದೊಡ್ಡದ್ರಾಗ ಸರಿ ಬರ್ತದ್ರಿ, ಸಣ್ಣದ್ರಾಗ ಯಾಕ ಜಾಸ್ತಿ ಬರ್ತದ?" ಎಂಬ ವಿದ್ಯಾರ್ಥಿನಿಯ ಪ್ರಶ್ನೆಯೇ ಈ ಪ್ರಕರಣದ ತಿರುಳು. ಇಂಥ ಪ್ರಾಜೆಕ್ಟ್ ಕೈಗೆತ್ತಿಕೊಂಡವರು ಹೆಚ್ಚುಕಡಿಮೆ ಎಲ್ಲರೂ ಎಡವುವ ಜಾಗ ಇದು. ದೊಡ್ಡ ಗೆಲಾಕ್ಸಿಗಳಷ್ಟನ್ನೇ ನೋಡಿ ಮುಂದೆ ಹೋದರೆ ತಪ್ಪು ಸಿಕ್ಕುವುದೇ ಇಲ್ಲ. ಲೆಕ್ಕ ಕೈಯಲ್ಲಿ ಮಾಡಿ ನೋಡಲು ಅನುಕೂಲವಾಗಲಿ ಎಂದು ಇಲ್ಲಿ ಎರಡು ಮಾದರಿ ಗೆಲಾಕ್ಸಿಗಳ ಅಂಕಿಗಳನ್ನು ಇಟ್ಟುಕೊಂಡಿದೆ: ನಿಜವಾದ ಸಿಗ್ಮಾ 250 ಕಿಮೀ/ಸೆ ಇರುವ 'ದೊಡ್ಡದು', 110 ಕಿಮೀ/ಸೆ ಇರುವ 'ಸಣ್ಣದು'.

ಏನನ್ನು ಅಳೆಯುತ್ತಿದ್ದೇವೆ

ಮೊದಲು ಒಂದು ಗೊಂದಲ ಬಿಡಿಸಬೇಕು. ಕೋಮಾ ಗುಚ್ಛದೊಳಗೆ ಗೆಲಾಕ್ಸಿಗಳೇ ಒಂದಕ್ಕೊಂದು ಸುಮಾರು 1000 ಕಿಮೀ/ಸೆ ಹರವಿನಲ್ಲಿ ಓಡಾಡುತ್ತಿವೆ. 1933ರಲ್ಲಿ ಫ್ರಿಟ್ಸ್ ಜ್ವಿಕಿ ಕಾಣದ ದ್ರವ್ಯದ ಮಾತೆತ್ತಿದ್ದು ಈ ಹರವನ್ನು ನೋಡಿ. ನಮ್ಮ ಪ್ರಾಜೆಕ್ಟಿನ ಸಿಗ್ಮಾ ಅದಲ್ಲ. ಒಂದೇ ಗೆಲಾಕ್ಸಿಯ ಒಳಗಿನ ಕೋಟ್ಯಂತರ ನಕ್ಷತ್ರಗಳ ವೇಗದ ಹರವು ಇದು. ಅದೂ ನಮ್ಮ ದೃಷ್ಟಿರೇಖೆಯ ಉದ್ದಕ್ಕೆ ಬೀಳುವ ಭಾಗ ಮಾತ್ರ.

ಸುರುಳಿ ಗೆಲಾಕ್ಸಿಯಾದರೆ ಅನಿಲ ಇರುತ್ತದೆ, ಅನಿಲ ಬೆಳಗುವ ಉತ್ಸರ್ಜನ ರೇಖೆಗಳಿಂದ ತಿರುಗುವ ವೇಗ ಸಿಗುತ್ತದೆ. ಗುಚ್ಛದ ಕೆಂಪು ಗೆಲಾಕ್ಸಿಗಳಲ್ಲಿ ಅನಿಲ ಇಲ್ಲವೆನ್ನುವಷ್ಟು ಕಡಿಮೆ, ಹೊಸ ನಕ್ಷತ್ರ ಹುಟ್ಟುವುದು ನಿಂತು ಎಷ್ಟೋ ಕಾಲವಾಗಿದೆ. ಉಳಿದಿರುವುದು ಹಳೆಯ ನಕ್ಷತ್ರಗಳ ಬೆಳಕು, ಅದರ ರೋಹಿತದಲ್ಲಿನ, ಅಂದರೆ ತರಂಗಾಂತರವಾರು ಬಿಡಿಸಿಟ್ಟ ಬೆಳಕಿನಲ್ಲಿನ, ಕಪ್ಪು ಹೀರಿಕೆ ರೇಖೆಗಳು. ಪ್ರತಿ ನಕ್ಷತ್ರದ ರೇಖೆಯೂ ಅದರ ವೇಗಕ್ಕೆ ತಕ್ಕಂತೆ ಡಾಪ್ಲರ್ ಪರಿಣಾಮದಿಂದ ತುಸು ಆಚೀಚೆ ಸರಿಯುತ್ತದೆ. ಎಲ್ಲದರ ಬೆಳಕೂ ಒಟ್ಟಾಗಿ ಬಂದಾಗ ರೇಖೆ ಅಗಲವಾಗಿ, ಆಳ ಕಡಿಮೆಯಾಗಿ ಕಾಣುತ್ತದೆ. ಈ ಅಗಲವೇ ಅಳತೆಯ ಮೂಲ.

ಅಗಲ ಎಷ್ಟು ಸಣ್ಣದು ಎಂಬುದು ಕಣ್ಣ ಮುಂದಿರಬೇಕು. ಮೆಗ್ನೀಸಿಯಂ ರೇಖೆಗಳಿರುವ 5175 ಆಂಗ್‌ಸ್ಟ್ರಾಂ (ಮೀಟರಿನ ಸಾವಿರ ಕೋಟಿಯ ಒಂದು ಭಾಗ ಒಂದು ಆಂಗ್‌ಸ್ಟ್ರಾಂ) ಬಳಿ 250 ಕಿಮೀ/ಸೆ ಅಂದರೆ 4.3 ಆಂಗ್‌ಸ್ಟ್ರಾಂ, 110 ಕಿಮೀ/ಸೆ ಅಂದರೆ ಬರೀ 1.9 ಆಂಗ್‌ಸ್ಟ್ರಾಂ. ಎಸ್‌ಡಿಎಸ್‌ಎಸ್ ರೋಹಿತಮಾಪಕ ತಾನೇ ಪ್ರತಿ ರೇಖೆಯನ್ನೂ ಸುಮಾರು 70 ಕಿಮೀ/ಸೆ, ಅಂದರೆ 1.2 ಆಂಗ್‌ಸ್ಟ್ರಾಂನಷ್ಟು ಹರಡಿಸುತ್ತದೆ. ದೊಡ್ಡ ಗೆಲಾಕ್ಸಿಯಲ್ಲಿ ಉಪಕರಣದ ಪಾಲು ಚಿಕ್ಕದು. ಸಣ್ಣದರಲ್ಲಿ ಅದು ಅಳೆಯಬೇಕಾದ ವಸ್ತುವಿನ ಅರ್ಧಕ್ಕಿಂತ ಹೆಚ್ಚು.

ದತ್ತಾಂಶ ಮತ್ತು ತಯಾರಿ

ಕಲಬುರಗಿಯ ಅಕ್ಷಾಂಶ ಸುಮಾರು 17.3 ಡಿಗ್ರಿ, ಕೋಮಾ ಗುಚ್ಛದ ಕ್ರಾಂತಿ (ಆಕಾಶದಲ್ಲಿನ ಅಕ್ಷಾಂಶ) ಸುಮಾರು +28 ಡಿಗ್ರಿ. ಏಪ್ರಿಲ್ ರಾತ್ರಿಗಳಲ್ಲಿ ಅದು ಇಲ್ಲಿಂದ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ದಾಟುತ್ತದೆ. ಆದರೂ ಕಾಲೇಜಿನ ಸಣ್ಣ ದೂರದರ್ಶಕದಿಂದ ಈ ಅಳತೆ ಆಗದು. 30 ಕೋಟಿಗೂ ಹೆಚ್ಚು ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯ ಬೆಳಕನ್ನು ಆಂಗ್‌ಸ್ಟ್ರಾಂ ಮಟ್ಟಕ್ಕೆ ಹರಡಿದರೆ ಪ್ರತಿ ಪಿಕ್ಸೆಲ್‌ಗೆ ಬೀಳುವುದು ಅತ್ಯಲ್ಪ. ಹಾಗಾಗಿ ಅಮೆರಿಕದ ಅಪಾಚೆ ಪಾಯಿಂಟ್‌ನಲ್ಲಿರುವ ಎಸ್‌ಡಿಎಸ್‌ಎಸ್‌ನ 2.5 ಮೀಟರ್ ದೂರದರ್ಶಕ ಈಗಾಗಲೇ ಹಿಡಿದಿಟ್ಟ ರೋಹಿತಗಳನ್ನು ಬಳಸುವುದೇ ಸರಿ. ಒಂದೊಂದು ಕಡತವೂ ಚಿಕ್ಕದು, ಮೊಬೈಲ್ ಡೇಟಾದಲ್ಲೇ ಇಳಿಯುತ್ತದೆ. ಸಾಧಾರಣ ಡೆಸ್ಕ್‌ಟಾಪ್‌ನಲ್ಲಿ ಒಂದು ಫಿಟ್ (ಮಾದರಿಯನ್ನು ರೋಹಿತಕ್ಕೆ ಹೊಂದಿಸುವುದು) ಸೆಕೆಂಡುಗಳ ಕೆಲಸ. ದೋಷದ ಅಂದಾಜಿಗೆ ನೂರಾರು ಸಲ ಓಡಿಸುವಾಗ ಮಾತ್ರ ಸಮಯ ಹಿಡಿಯುತ್ತದೆ. ಬೇಸಿಗೆಯಲ್ಲಿ ಕರೆಂಟ್ ಹೋಗಿಬರುವ ಊರಲ್ಲಿ ಪ್ರತಿ ಗೆಲಾಕ್ಸಿ ಮುಗಿದ ಕೂಡಲೇ ಫಲಿತಾಂಶವನ್ನು ಕಡತಕ್ಕೆ ಬರೆದುಬಿಡುವಂತೆ ಪ್ರೋಗ್ರಾಂ ಬರೆಯುವುದು ಒಳ್ಳೆಯದು.

ಕಡತದೊಳಗೆ ಕೆಲಸಕ್ಕೆ ಬರುವ ಕಾಲಂಗಳು ನಾಲ್ಕು. ಫ್ಲಕ್ಸ್ ಅಂದರೆ ಬೆಳಕಿನ ಪ್ರಮಾಣ. ಲಾಗ್‌ಲ್ಯಾಮ್ ಅಂದರೆ ತರಂಗಾಂತರದ 10 ಆಧಾರದ ಲಾಗರಿದಂ. ಐವಾರ್ ಅಂದರೆ ದೋಷದ ವರ್ಗದ ವಿಲೋಮ. ಇದು ಸೊನ್ನೆ ಇದ್ದ ಪಿಕ್ಸೆಲ್ ಕೆಟ್ಟಿದೆ ಎಂದರ್ಥ, ಅದನ್ನು ಬಿಡಬೇಕು. ನಾಲ್ಕನೆಯದು ಡಬ್ಲ್ಯೂಡಿಸ್ಪ್. ಆ ಪಿಕ್ಸೆಲ್ ಇರುವಲ್ಲಿ ಉಪಕರಣ ರೇಖೆಯನ್ನು ಎಷ್ಟು ಹರಡಿಸಿದೆ ಎಂಬುದನ್ನು ಇದು ಪಿಕ್ಸೆಲ್ ಲೆಕ್ಕದಲ್ಲಿ ಹೇಳುತ್ತದೆ. ಗ್ರಾಫ್ ಬಿಡಿಸಲು ಬೇಡದ ಕಾಲಂ ಆದ್ದರಿಂದ ಹೊಸಬರು ಇದನ್ನು ತೆರೆದೇ ನೋಡುವುದಿಲ್ಲ. ಈ ಪ್ರಕರಣದ ಉತ್ತರ ಇದ್ದದ್ದು ಅಲ್ಲೇ.

ಪಿಕ್ಸೆಲ್ ಹೆಜ್ಜೆ ಲಾಗರಿದಂನಲ್ಲಿ 0.0001. ವೇಗಕ್ಕೆ ಪರಿವರ್ತಿಸಲು ಬೆಳಕಿನ ವೇಗ × 2.3026 × 0.0001, ಅಂದರೆ 69 ಕಿಮೀ/ಸೆ. 2.3026 ಯಾಕೆಂದರೆ ಕಡತದ ಲಾಗರಿದಂ 10ರ ಆಧಾರದ್ದು, ಡಾಪ್ಲರ್ ಲೆಕ್ಕ ನೈಸರ್ಗಿಕ ಲಾಗರಿದಂನದು. ಇದನ್ನು ಮರೆತರೆ ಹೆಜ್ಜೆ 30 ಕಿಮೀ/ಸೆ ಆಗಿ, 250 ಬರಬೇಕಾದಲ್ಲಿ 109 ಬರುತ್ತದೆ. ಈ ತಪ್ಪು ಎಲ್ಲ ಗೆಲಾಕ್ಸಿಗಳನ್ನೂ ಒಂದೇ ಪಟ್ಟು ಕುಗ್ಗಿಸುವುದರಿಂದ ಬೇಗ ಕಣ್ಣಿಗೆ ಬೀಳುತ್ತದೆ.

ಗೆಲಾಕ್ಸಿಗಳನ್ನು ಬಣ್ಣ ನೋಡಿ ಆರಿಸಿದ ಮೇಲೆ ಚಿತ್ರವನ್ನೂ ಒಮ್ಮೆ ನೋಡಬೇಕು. ಅಂಚಿನಿಂದ ಕಾಣುವ, ದೂಳು ತುಂಬಿದ ಸುರುಳಿ ಗೆಲಾಕ್ಸಿಯೂ ಕೆಂಪಾಗಿಯೇ ಕಾಣುತ್ತದೆ. ಅದರ ತಿರುಗುವ ವೇಗ ಸಿಗ್ಮಾದೊಳಗೆ ಸೇರಿಕೊಂಡರೆ ಲೆಕ್ಕ ಕೆಡುತ್ತದೆ.

ಟೆಂಪ್ಲೇಟ್ ಆಯ್ಕೆ

ಗೆಲಾಕ್ಸಿಯ ರೋಹಿತದ ರೇಖೆ ಎಷ್ಟು ಅಗಲವಾಗಿದೆ ಎನ್ನಲು ಅಗಲವಾಗದ ರೇಖೆ ಹೇಗಿತ್ತು ಎಂಬುದು ಗೊತ್ತಿರಬೇಕು. ಅದಕ್ಕೆ ನಮ್ಮದೇ ಆಕಾಶಗಂಗೆಯ ಬಿಡಿ ನಕ್ಷತ್ರಗಳ ರೋಹಿತಗಳು ಬೇಕು. ಟೆಂಪ್ಲೇಟ್ ಎನ್ನುವುದು ಇವನ್ನೇ. ಪಿಪಿಎಕ್ಸ್‌ಎಫ್ ಮಾಡುವುದಿಷ್ಟು: ನಕ್ಷತ್ರಗಳ ರೋಹಿತಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ಒಂದು ವೇಗದಷ್ಟು ಸರಿಸಿ, ಒಂದು ಸಿಗ್ಮಾದಷ್ಟು ಹರಡಿ, ಗೆಲಾಕ್ಸಿಯ ರೋಹಿತಕ್ಕೆ ಪಿಕ್ಸೆಲ್ ಪಿಕ್ಸೆಲ್ ಹೋಲಿಸುತ್ತದೆ. ವ್ಯತ್ಯಾಸ ಅತಿ ಕಡಿಮೆಯಾಗುವ ವೇಗ, ಸಿಗ್ಮಾ ಮತ್ತು ಬೆರಕೆಯೇ ಉತ್ತರ. ಮಿಕೆಲೆ ಕ್ಯಾಪೆಲ್ಲಾರಿ ಮತ್ತು ಎರಿಕ್ ಎಮ್ಸೆಲೆಮ್ 2004ರಲ್ಲಿ ಪ್ರಕಟಿಸಿದ ವಿಧಾನ ಇದು. ಈಗ ಈ ಕ್ಷೇತ್ರದಲ್ಲಿ ಬಹುಪಾಲು ಕೆಲಸ ಇದರಿಂದಲೇ ನಡೆಯುತ್ತದೆ.

ವಿದ್ಯಾರ್ಥಿಗಳ ಮುಂದೆ ಎರಡು ಸಂಗ್ರಹಗಳಿದ್ದವು. ಮೈಲ್ಸ್ ಸಂಗ್ರಹದಲ್ಲಿ 985 ನಕ್ಷತ್ರಗಳಿವೆ. ವ್ಯಾಪ್ತಿ 3525ರಿಂದ 7500 ಆಂಗ್‌ಸ್ಟ್ರಾಂ, ಅರ್ಧ ಎತ್ತರದ ಅಗಲ (ಉಪಕರಣ ಹರಡಿಸಿದ ರೇಖೆಯ ಅರ್ಧ ಎತ್ತರದಲ್ಲಿ ಅಳೆದ ಅಗಲ) ಎಲ್ಲೆಡೆ ಸುಮಾರು 2.5 ಆಂಗ್‌ಸ್ಟ್ರಾಂ. ಇಂಡೋ-ಯುಎಸ್ ಸಂಗ್ರಹ ಭಾರತ ಮತ್ತು ಅಮೆರಿಕದ ಖಗೋಳಜ್ಞರು ಸೇರಿ 2004ರಲ್ಲಿ ಕೊಟ್ಟದ್ದು, 1273 ನಕ್ಷತ್ರಗಳು, ಅಗಲ ಸುಮಾರು 1.35 ಆಂಗ್‌ಸ್ಟ್ರಾಂ.

ಇವರು ಇಂಡೋ-ಯುಎಸ್ ಆರಿಸಿದರು. ಕಾರಣ ಗಟ್ಟಿಯಾಗಿತ್ತು. ಎಸ್‌ಡಿಎಸ್‌ಎಸ್‌ನ ಹರಡುವಿಕೆ ವೇಗದ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಸಮ, ಆದ್ದರಿಂದ ಆಂಗ್‌ಸ್ಟ್ರಾಂ ಲೆಕ್ಕದಲ್ಲಿ ನೀಲಿಯ ಕಡೆ ಕಡಿಮೆಯಾಗುತ್ತ ಹೋಗುತ್ತದೆ. ಗೆಲಾಕ್ಸಿಯ ಸ್ವಂತ ತರಂಗಾಂತರದಲ್ಲಿ (ಅದು ದೂರ ಸರಿಯುವುದರಿಂದ ಆದ ಹಿಗ್ಗನ್ನು ತೆಗೆದ ಮೇಲೆ) ಸುಮಾರು 4570 ಆಂಗ್‌ಸ್ಟ್ರಾಂಗಿಂತ ಕೆಳಗೆ ಮೈಲ್ಸ್ ನಕ್ಷತ್ರದ ರೇಖೆಯೇ ಉಪಕರಣದ ಹರಡುವಿಕೆಗಿಂತ ಅಗಲ. ಆಗ ಟೆಂಪ್ಲೇಟನ್ನು ಗೆಲಾಕ್ಸಿಗೆ ಸಮ ಮಾಡಲು ಋಣ ಸಂಖ್ಯೆಯ ವರ್ಗಮೂಲ ತೆಗೆಯಬೇಕಾಗುತ್ತದೆ. ಪ್ರೋಗ್ರಾಂ ಅಲ್ಲಿ ಬೆಲೆಯಿಲ್ಲದ ಪಿಕ್ಸೆಲ್ ಕೊಡುತ್ತದೆ, ಇಲ್ಲವೇ ಸದ್ದಿಲ್ಲದೆ ಆ ಹಂತವನ್ನು ದಾಟಿಬಿಡುತ್ತದೆ. ಎರಡನೆಯದು ಹೆಚ್ಚು ಅಪಾಯ. ಮೈಲ್ಸ್ ಬಳಸುವುದಾದರೆ ಫಿಟ್ ವ್ಯಾಪ್ತಿಯನ್ನು 4600ರಿಂದ ಮೇಲೆ ಇಡಬೇಕು. ಇಂಡೋ-ಯುಎಸ್‌ಗೆ ಈ ತೊಡಕಿಲ್ಲ.

ಆಯ್ಕೆ ಸರಿ, ಆದರೆ ಇನ್ನೊಂದು ಹೊಣೆ ಅದರ ಜೊತೆಗೇ ಬರುತ್ತದೆ. ಟೆಂಪ್ಲೇಟ್ ಎಷ್ಟು ಸೂಕ್ಷ್ಮವೋ ಅದಕ್ಕೂ ಗೆಲಾಕ್ಸಿಯ ರೋಹಿತಕ್ಕೂ ಇರುವ ಅಂತರ ಅಷ್ಟೇ ದೊಡ್ಡದು. ಹೋಲಿಕೆಗೆ ಮೊದಲು ಟೆಂಪ್ಲೇಟನ್ನು ಎಸ್‌ಡಿಎಸ್‌ಎಸ್ ಮಟ್ಟಕ್ಕೆ ಹರಡಿಸಲೇಬೇಕು. ಮೊದಲ ಸುತ್ತಿನಲ್ಲಿ ಈ ಹಂತ ತಪ್ಪಿಹೋಗಿತ್ತು.

ಮೊದಲ ಸುತ್ತಿನ ಉತ್ತರ, ಮತ್ತು ತಪ್ಪು ಹಿಡಿದ ಬಗೆ

ಬಂದ ಸಂಖ್ಯೆಗಳು ಹೀಗೆ: ದೊಡ್ಡದಕ್ಕೆ 257.5, ಸಣ್ಣದಕ್ಕೆ 126.1. ದೊಡ್ಡದರ ವ್ಯತ್ಯಾಸ ನೂರಕ್ಕೆ 3, ದೋಷದ ಅಂದಾಜಿನಿಂದ ಹೆಚ್ಚೇನೂ ಆಚೆ ಇಲ್ಲ. ಸಣ್ಣದರದು ನೂರಕ್ಕೆ 15.

ಇಂಥಲ್ಲಿ ಮೊದಲು ಕೈ ಹೋಗುವುದು ಶಬ್ದಮಟ್ಟದ, ಅಂದರೆ ದತ್ತಾಂಶದಲ್ಲಿನ ಗೊತ್ತುಗುರಿಯಿಲ್ಲದ ಏರಿಳಿತದ ಮೇಲೆ: ಮಂದ ಗೆಲಾಕ್ಸಿ, ರೋಹಿತ ಒರಟು, ಅದಕ್ಕೇ ಉತ್ತರ ಕೆಟ್ಟಿದೆ ಎಂಬ ವಿವರಣೆ. ಅದು ನಿಲ್ಲುವುದಿಲ್ಲ. ಶಬ್ದದಿಂದ ಕೆಟ್ಟರೆ ಕೆಲವು ಮೇಲೆ, ಕೆಲವು ಕೆಳಗೆ ಹೋಗಬೇಕು. ಇಲ್ಲಿ ಎಲ್ಲವೂ ಮೇಲೆ ಹೋಗಿವೆ. ಎರಡನೆಯ ಅನುಮಾನ ಟೆಂಪ್ಲೇಟಿನ ಬಗೆಯ ಮೇಲೆ. ಒಂದೇ ಒಂದು ಕೆ ವರ್ಗದ (ಸೂರ್ಯನಿಗಿಂತ ತಂಪಾದ ಬಗೆಯ) ದೈತ್ಯ ನಕ್ಷತ್ರವನ್ನು ಇಟ್ಟು ಅಳೆದರೆ ಸಿಗ್ಮಾ ನೂರಕ್ಕೆ ಕೆಲವಂಶ ಆಚೀಚೆ ಆಗುವುದುಂಟು. ಆದರೆ ಇವರು ಜಿ, ಕೆ, ಎಂ ವರ್ಗಗಳ ಹಲವು ನಕ್ಷತ್ರಗಳನ್ನು ಒಟ್ಟಿಗೆ ಕೊಟ್ಟು, ಬೆರಕೆಯನ್ನು ಪ್ರೋಗ್ರಾಂಗೇ ಬಿಟ್ಟಿದ್ದರು.

"ಭಾಗಾಕಾರ ಬ್ಯಾಡ, ವರ್ಗ ಮಾಡಿ ಕಳದ್ ನೋಡು," ಎಂದರು ಮಾರ್ಗದರ್ಶಕರು. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಸಲಹೆ ಇದೇ.

ಅಳೆದ ಬೆಲೆಯನ್ನು ಪಟ್ಟಿಯ ಬೆಲೆಯಿಂದ ಭಾಗಿಸಿದಾಗ ಎಲ್ಲ ಗೆಲಾಕ್ಸಿಗಳಲ್ಲೂ ಒಂದೇ ಪಟ್ಟು ಬಂದರೆ ತಪ್ಪು ವೇಗದ ಹೆಜ್ಜೆಯಲ್ಲಿದೆ, ಅಂದರೆ ಮೇಲೆ ಹೇಳಿದ 2.3026. ಸಿಗ್ಮಾ ಸರಿಯಿದ್ದು ಗೆಲಾಕ್ಸಿಯ ವೇಗ ಮಾತ್ರ ಎಲ್ಲದರಲ್ಲೂ ಸುಮಾರು 83 ಕಿಮೀ/ಸೆ ಸರಿದಿದ್ದರೆ ತರಂಗಾಂತರದ ಗೊಂದಲ: ಎಸ್‌ಡಿಎಸ್‌ಎಸ್ ಕೊಡುವುದು ನಿರ್ವಾತದ ತರಂಗಾಂತರ, ಟೆಂಪ್ಲೇಟ್ ಸಂಗ್ರಹಗಳು ಕೊಡುವುದು ಗಾಳಿಯಲ್ಲಿನದು, 5000 ಆಂಗ್‌ಸ್ಟ್ರಾಂ ಬಳಿ ಎರಡಕ್ಕೂ 1.4 ಆಂಗ್‌ಸ್ಟ್ರಾಂ ಅಂತರ. ಕೋಮಾದ ದೂರದಲ್ಲಿ ಇದಕ್ಕೆ ಹೋಲುವ ಇನ್ನೊಂದು ಅಂತರವೂ ಇದೆ. ಅಲ್ಲಿನ ರೆಡ್‌ಶಿಫ್ಟ್ 0.023, ಅಂದರೆ ತರಂಗಾಂತರ 1.023 ಪಟ್ಟು ಹಿಗ್ಗಿ ಬರುತ್ತದೆ. ಪಿಪಿಎಕ್ಸ್‌ಎಫ್‌ನ ವೇಗ ಬೆಳಕಿನ ವೇಗವನ್ನು 1.023ರ ನೈಸರ್ಗಿಕ ಲಾಗರಿದಂನಿಂದ ಗುಣಿಸಿದ್ದು, ಅಂದರೆ 6817 ಕಿಮೀ/ಸೆ. ಪಟ್ಟಿಯವರು ಬೆಳಕಿನ ವೇಗವನ್ನು ರೆಡ್‌ಶಿಫ್ಟ್ 0.023ರಿಂದ ನೇರ ಗುಣಿಸಿ 6895 ಎನ್ನುತ್ತಾರೆ. ಈ 78 ತಪ್ಪಲ್ಲ, ವ್ಯಾಖ್ಯೆಯ ವ್ಯತ್ಯಾಸ. ಇವೆರಡನ್ನೂ ಒಂದೆಂದು ತಿಳಿದು ಒಂದರಿಂದ ಇನ್ನೊಂದನ್ನು 'ಸರಿಪಡಿಸಿ'ಕೊಂಡ ವರದಿಗಳೂ ಇರುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು.

ಮೂರನೆಯ ಸಾಧ್ಯತೆ, ವರ್ಗಗಳ ವ್ಯತ್ಯಾಸ ಸ್ಥಿರವಾಗಿರುವುದು. ಸಣ್ಣದರಲ್ಲಿ 126.1ರ ವರ್ಗ 15901, 110ರ ವರ್ಗ 12100, ಉಳಿದದ್ದು 3801. ದೊಡ್ಡದರಲ್ಲಿ 66306ರಲ್ಲಿ 62500 ಕಳೆದರೆ 3806. ಎರಡೂ ಒಂದೇ ಎನ್ನಬಹುದು. ವರ್ಗಮೂಲ ಸುಮಾರು 61.7 ಕಿಮೀ/ಸೆ. ಅಂದರೆ ಪ್ರತಿ ಗೆಲಾಕ್ಸಿಗೂ, ಅದು ದೊಡ್ಡದಿರಲಿ ಸಣ್ಣದಿರಲಿ, 61.7 ಕಿಮೀ/ಸೆಯ ಒಂದೇ ಹರವು ಬೇರೆಲ್ಲಿಂದಲೋ ಬಂದು ಸೇರಿದೆ.

ಎಲ್ಲಿಂದ ಎಂಬುದು ಇನ್ನು ಲೆಕ್ಕ ಅಷ್ಟೇ. ಡಬ್ಲ್ಯೂಡಿಸ್ಪ್ ಕಾಲಂನಲ್ಲಿ ಮೆಗ್ನೀಸಿಯಂ ರೇಖೆಗಳ ಬಳಿ 1.01 ಪಿಕ್ಸೆಲ್ ಇದೆ ಎಂದುಕೊಳ್ಳಿ. 69ರಿಂದ ಗುಣಿಸಿದರೆ 70 ಕಿಮೀ/ಸೆ. ಟೆಂಪ್ಲೇಟಿನ 1.35 ಆಂಗ್‌ಸ್ಟ್ರಾಂ ಅಗಲ 5180ರ ಬಳಿ 78 ಕಿಮೀ/ಸೆ ಆಗುತ್ತದೆ. ಅರ್ಧ ಎತ್ತರದ ಅಗಲವನ್ನು ಸಿಗ್ಮಾ ಮಾಡಲು 2.355ರಿಂದ ಭಾಗಿಸಿದರೆ 33.2. 70ರ ವರ್ಗದಲ್ಲಿ 33.2ರ ವರ್ಗ ಕಳೆದರೆ 3798. ಮೇಲೆ ಸಿಕ್ಕ 3801 ಮತ್ತು 3806ಕ್ಕೆ ಇದು ಹೊಂದುತ್ತದೆ.

ಕಲಬುರಗಿ ಮಾರುಕಟ್ಟೆಯಲ್ಲಿ ತೊಗರಿ ತೂಗುವಾಗ ಖಾಲಿ ಚೀಲದ ತೂಕ ಕಳೆದೇ ರೈತನ ಲೆಕ್ಕ ಬರೆಯುವುದು. ಇಲ್ಲಿಯೂ ಉಪಕರಣದ ಪಾಲನ್ನು ಕಳೆಯಬೇಕು, ಆದರೆ ವರ್ಗ ಮಾಡಿ ಕಳೆಯಬೇಕು. ಅದಕ್ಕೇ ತಪ್ಪು ದೊಡ್ಡ ಗೆಲಾಕ್ಸಿಯಲ್ಲಿ 7.5 ಆಗಿ ಅಡಗಿ, ಸಣ್ಣದರಲ್ಲಿ 16 ಆಗಿ ಹೊರಬಿತ್ತು.

ಈ ಪರೀಕ್ಷೆ ಮಾಡುವಾಗ ದೊಡ್ಡ ಗೆಲಾಕ್ಸಿಗಳ ಮೇಲೆ ಭಾರ ಹಾಕಬಾರದು. 250 ± 5 ಎಂಬ ಅಳತೆಯ ವರ್ಗದಲ್ಲಿ ದೋಷ ± 2500, ಅಂದರೆ ಹುಡುಕುತ್ತಿರುವ 3800ರ ಮೂರನೆಯ ಎರಡು ಭಾಗ. 110 ± 5ರಲ್ಲಿ ಅದು ± 1100. ಸ್ಥಿರ ಬೆಲೆ ಎಷ್ಟೆಂದು ಸಣ್ಣವುಗಳಿಂದಲೇ ಓದಬೇಕು. ಹಾಗೆಂದು ತೀರ ಸಣ್ಣವೂ ಬೇಡ. ಎಸ್‌ಡಿಎಸ್‌ಎಸ್ ತಂಡವೇ ತನ್ನ ಪಟ್ಟಿಯ 70 ಕಿಮೀ/ಸೆಗಿಂತ ಕಡಿಮೆಯ ಸಿಗ್ಮಾಗಳನ್ನೂ, ಸಂಕೇತ-ಶಬ್ದ ಅನುಪಾತ 10ಕ್ಕಿಂತ ಕಡಿಮೆಯ ರೋಹಿತಗಳವನ್ನೂ ನೆಚ್ಚಬೇಡಿ ಎನ್ನುತ್ತದೆ.

ಸರಿಪಡಿಸಿದ್ದು

ಟೆಂಪ್ಲೇಟನ್ನು ಎಷ್ಟು ಹರಡಿಸಬೇಕು? ಉಪಕರಣದ 70 ಕಿಮೀ/ಸೆ ಸಿಗ್ಮಾ, ಅಂದರೆ 165 ಕಿಮೀ/ಸೆ ಅಗಲ, ಮೆಗ್ನೀಸಿಯಂ ರೇಖೆ ಬಂದು ಬಿದ್ದಿರುವ 5300 ಆಂಗ್‌ಸ್ಟ್ರಾಂನಲ್ಲಿ 2.91 ಆಂಗ್‌ಸ್ಟ್ರಾಂ. ಗೆಲಾಕ್ಸಿಯ ರೋಹಿತವನ್ನು ಅದರ ಸ್ವಂತ ತರಂಗಾಂತರಕ್ಕೆ ತಂದಾಗ ಈ ಅಗಲವೂ 1.023ರಿಂದ ಭಾಗವಾಗಿ 2.85 ಆಗುತ್ತದೆ. 2.85ರ ವರ್ಗದಲ್ಲಿ 1.35ರ ವರ್ಗ ಕಳೆದು ವರ್ಗಮೂಲ ತೆಗೆದರೆ 2.51 ಆಂಗ್‌ಸ್ಟ್ರಾಂ. ಸಿಗ್ಮಾ ಲೆಕ್ಕದಲ್ಲಿ 1.07 ಆಂಗ್‌ಸ್ಟ್ರಾಂ. ಸಂಗ್ರಹದ ಪಿಕ್ಸೆಲ್ 0.4 ಆಂಗ್‌ಸ್ಟ್ರಾಂ ಆದ್ದರಿಂದ 2.7 ಪಿಕ್ಸೆಲ್ ಸಿಗ್ಮಾದ ಗಾಸಿಯನ್ (ಗಂಟೆಯಾಕಾರದ ಹರಡುವಿಕೆ). ಇದನ್ನು ಲಾಗರಿದಂ ಹೆಜ್ಜೆಗೆ ಬದಲಾಯಿಸುವ ಮೊದಲೇ ಮಾಡಬೇಕು. ಒಂದೇ ಅಗಲ ಸಾಲದು: ಡಬ್ಲ್ಯೂಡಿಸ್ಪ್ ತರಂಗಾಂತರದೊಂದಿಗೆ ಬದಲಾಗುತ್ತದೆ, ಆದ್ದರಿಂದ ಪಿಕ್ಸೆಲ್‌ಗೊಂದು ಅಗಲ ತೆಗೆದುಕೊಳ್ಳುವ ಗಾಸಿಯನ್ ಫಿಲ್ಟರ್ ಬಳಸಬೇಕು. ಅದು ಪಿಪಿಎಕ್ಸ್‌ಎಫ್ ಜೊತೆಗೇ ಸಿಗುತ್ತದೆ.

1.023ರಿಂದ ಭಾಗಿಸುವುದನ್ನು ಮರೆತರೆ ಕೋಮಾದಲ್ಲಿ ಆಗುವ ನಷ್ಟ ಅಲ್ಪ, 110 ಇದ್ದದ್ದು 109 ಆಗುತ್ತದೆ. ಅದೇ ಅಭ್ಯಾಸವನ್ನು ರೆಡ್‌ಶಿಫ್ಟ್ 0.3 ಇರುವ ಗುಚ್ಛಕ್ಕೆ ಒಯ್ದರೆ 1.3ರಿಂದ ಭಾಗಿಸದೆ ಬಿಟ್ಟಂತಾಗಿ ಸಣ್ಣ ಗೆಲಾಕ್ಸಿಗಳ ಲೆಕ್ಕವೇ ಕುಸಿಯುತ್ತದೆ. ಹತ್ತಿರದ ಗುಚ್ಛದಲ್ಲೇ ಸರಿಯಾಗಿ ಕಲಿತುಬಿಡುವುದು ಮೇಲು.

ಉಳಿದ ಆಯ್ಕೆಗಳನ್ನು ಇವರು ಹೀಗೆ ಇಟ್ಟುಕೊಂಡರು. ವ್ಯಾಪ್ತಿ ಗೆಲಾಕ್ಸಿಯ ಸ್ವಂತ ತರಂಗಾಂತರದಲ್ಲಿ 4200ರಿಂದ 6500 ಆಂಗ್‌ಸ್ಟ್ರಾಂ. ಕ್ಯಾಲ್ಸಿಯಂ ಎಚ್ ಮತ್ತು ಕೆ ರೇಖೆಗಳನ್ನು ಬಿಟ್ಟದ್ದು ಬೇಕೆಂದೇ: ಅವು ನಕ್ಷತ್ರದಲ್ಲೇ ಬಹಳ ಅಗಲ, ಹಿನ್ನೆಲೆಯೂ ಅಲ್ಲಿ ಕಡಿದಾಗಿ ಏರುತ್ತದೆ, ಸಿಗ್ಮಾ ಹಿಡಿಯಲು ಒಳ್ಳೆಯ ರೇಖೆಗಳಲ್ಲ. ಸೋಡಿಯಂ ಡಿ ರೇಖೆಯನ್ನೂ ಮುಚ್ಚಿದರು, ಗೆಲಾಕ್ಸಿಯೊಳಗಿನ ಅನಿಲ ಅದಕ್ಕೆ ತನ್ನ ಪಾಲು ಸೇರಿಸುತ್ತದೆ. ಎಚ್-ಬೀಟಾ, 4959 ಮತ್ತು 5007ರ ಆಮ್ಲಜನಕ, 5200ರ ಸಾರಜನಕ ಉತ್ಸರ್ಜನ ರೇಖೆಗಳ ಜಾಗವನ್ನೂ ಮುಚ್ಚಬೇಕು. ಕೆಂಪು ಗೆಲಾಕ್ಸಿಯಲ್ಲೂ ಕೆಲವೊಮ್ಮೆ ಮಂದ ಅನಿಲ ಇಣುಕುತ್ತದೆ, ಅದು ಹೀರಿಕೆ ರೇಖೆಯ ಹೊಂಡವನ್ನು ಅರ್ಧ ತುಂಬಿದರೆ ಪ್ರೋಗ್ರಾಂ ಮೋಸಹೋಗುತ್ತದೆ. ನಮ್ಮ ವಾತಾವರಣದ 5577ರ ಹಸಿರು ರೇಖೆ ಕೋಮಾ ಗೆಲಾಕ್ಸಿಗಳ ಸ್ವಂತ ತರಂಗಾಂತರದಲ್ಲಿ 5452ರ ಬಳಿ ಬೀಳುತ್ತದೆ, ಅಲ್ಲಿ ಉಳಿಕೆ ಗಲೀಜು ಇದ್ದೇ ಇರುತ್ತದೆ.

ಮೆಗ್ನೀಸಿಯಂ ಬಗ್ಗೆ ಒಂದು ಮಾತು ಹೆಚ್ಚು ಹೇಳಬೇಕು. ದೊಡ್ಡ ದೀರ್ಘವೃತ್ತ ಗೆಲಾಕ್ಸಿಗಳಲ್ಲಿ ಕಬ್ಬಿಣಕ್ಕೆ ಹೋಲಿಸಿದರೆ ಮೆಗ್ನೀಸಿಯಂ ಸೂರ್ಯನ ನೆರೆಹೊರೆಯ ನಕ್ಷತ್ರಗಳಲ್ಲಿರುವುದಕ್ಕಿಂತ ಹೆಚ್ಚು. ನಮ್ಮ ಟೆಂಪ್ಲೇಟುಗಳು ಈ ನೆರೆಹೊರೆಯವೇ. ಹಾಗಾಗಿ ಮೆಗ್ನೀಸಿಯಂನ ಮೂರು ರೇಖೆಗಳ ಬಳಿ ಫಿಟ್ ಆಳ ಸಾಲದೆ ನಿಲ್ಲುತ್ತದೆ, ಆ ಕೊರತೆ ಸಿಗ್ಮಾದ ಮೇಲೂ ಬೀಳಬಹುದು. ಮೆಗ್ನೀಸಿಯಂ ಸೇರಿಸಿ ಒಮ್ಮೆ, ಮುಚ್ಚಿ ಒಮ್ಮೆ ಓಡಿಸಿ, 5270 ಮತ್ತು 5335ರ ಕಬ್ಬಿಣದ ರೇಖೆಗಳು ಏನು ಹೇಳುತ್ತವೆ ಎಂದು ನೋಡುವುದು ಪ್ರಾಮಾಣಿಕ ದಾರಿ. ವ್ಯತ್ಯಾಸ ದೋಷಕ್ಕಿಂತ ದೊಡ್ಡದಾದರೆ ವರದಿಯಲ್ಲಿ ಎರಡನ್ನೂ ಬರೆಯಬೇಕು.

ಹಿನ್ನೆಲೆಯ ಏರಿಳಿತಕ್ಕೆ ನಾಲ್ಕನೆಯ ಘಾತದ ಕೂಡಿಕೆ ಬಹುಪದ (ಮಾದರಿಗೆ ಕೂಡಿಸುವ ನಯವಾದ ವಕ್ರರೇಖೆ) ಸಾಕು. ಘಾತ ಏರಿಸುತ್ತ ಹೋದರೆ ಬಹುಪದವೇ ಅಗಲ ರೇಖೆಗಳನ್ನು ನುಂಗತೊಡಗುತ್ತದೆ, ಫಿಟ್ ಚಂದ ಕಾಣುತ್ತದೆ, ಸಿಗ್ಮಾ ಕೆಡುತ್ತದೆ. ವೇಗ ಮತ್ತು ಸಿಗ್ಮಾ ಎರಡನ್ನಷ್ಟೇ ಬಿಡಿಸಬೇಕು. ಎಚ್3, ಎಚ್4 ಎಂಬ ಆಕಾರದ ಸಂಖ್ಯೆಗಳನ್ನೂ ಕೇಳುವ ಆಸೆ ಬರುತ್ತದೆ, ಆದರೆ ಸಿಗ್ಮಾ ಪಿಕ್ಸೆಲ್ ಹೆಜ್ಜೆಯ ಎರಡು ಪಟ್ಟಿಗಿಂತ ಕಡಿಮೆ ಇದ್ದಾಗ ಅವುಗಳಲ್ಲಿ ಹುರುಳಿರುವುದಿಲ್ಲ. ಇಲ್ಲಿ ಎರಡು ಪಟ್ಟು ಅಂದರೆ 138, ಸಣ್ಣದರ ಸಿಗ್ಮಾ 110.

ಹೀಗೆ ಮಾಡಿದ ಮೇಲೆ ಸಣ್ಣದು 110ರ ಆಸುಪಾಸಿಗೆ ಇಳಿಯಿತು, ದೊಡ್ಡದು 250ಕ್ಕೆ ಬಂತು. ಆದರೆ ಪಟ್ಟಿಗೆ ಹೊಂದಿತು ಎನ್ನುವುದೇ ಪುರಾವೆಯಲ್ಲ, ಪಟ್ಟಿಯೂ ಯಾರೋ ಮಾಡಿದ ಫಿಟ್. ನಿಜವಾದ ಪರೀಕ್ಷೆ ಕೃತಕ ರೋಹಿತದ್ದು: ಟೆಂಪ್ಲೇಟುಗಳ ಒಂದು ಬೆರಕೆ ತೆಗೆದುಕೊಂಡು, ನಮಗೆ ಗೊತ್ತಿರುವ ಸಿಗ್ಮಾದಷ್ಟು ಹರಡಿ, ಮೇಲೆ ಉಪಕರಣದ ಹರಡುವಿಕೆ ಸೇರಿಸಿ, ಐವಾರ್ ಹೇಳುವಷ್ಟು ಶಬ್ದ ಹಾಕಿ, ಅದೇ ಪ್ರೋಗ್ರಾಂಗೆ ಕೊಡುವುದು. ಕೊಟ್ಟದ್ದೇ ಹಿಂತಿರುಗಿ ಬರಬೇಕು. 60, 80, 110, 150, 250 ಎಂದು ಮೆಟ್ಟಿಲು ಮೆಟ್ಟಿಲಾಗಿ ಮಾಡಿದರೆ ಎಲ್ಲಿ ಕಾಲು ಜಾರುತ್ತದೆ ಎಂಬುದು ತಾನೇ ಗೊತ್ತಾಗುತ್ತದೆ. ಪ್ರತಿ ಮೆಟ್ಟಿಲಲ್ಲೂ ಶಬ್ದವನ್ನು ಬದಲಿಸಿ ನೂರು ಸಲವಾದರೂ ಓಡಿಸಿ, ಬಂದ ಉತ್ತರಗಳ ಹರವನ್ನೇ ದೋಷ ಎಂದು ಬರೆಯಬೇಕು. ಪ್ರೋಗ್ರಾಂ ಮುದ್ರಿಸುವ ದೋಷ ಒಂದು ಅಂದಾಜು ಮಾತ್ರ.

ಉಪಕರಣದ ಹರಡುವಿಕೆ ನೂರಕ್ಕೆ 5ರಷ್ಟು ತಪ್ಪಾಗಿ ಗೊತ್ತಿದ್ದರೆ, ಅಂದರೆ 70ರ ಬದಲು 73.5 ಇದ್ದರೆ, ಏನಾಗುತ್ತದೆ? ಸಿಗ್ಮಾ 250 ಇದ್ದಲ್ಲಿ ತಪ್ಪು 1 ಕಿಮೀ/ಸೆ. 110ರಲ್ಲಿ ಸುಮಾರು 2. 60ರಲ್ಲಿ 4. 30ರಲ್ಲಿ 7ಕ್ಕಿಂತ ಹೆಚ್ಚು, ಅಂದರೆ ಸುಮಾರು ಕಾಲು ಭಾಗ. ಶಬ್ದ ಎಷ್ಟೇ ಕಡಿಮೆ ಮಾಡಿದರೂ ಈ ತಪ್ಪು ಕರಗುವುದಿಲ್ಲ.

ಗ್ರಾಫಿನಲ್ಲಿ ಇದರ ಬೆಲೆ

1976ರಲ್ಲಿ ಸ್ಯಾಂಡ್ರಾ ಫೇಬರ್ ಮತ್ತು ರಾಬರ್ಟ್ ಜಾಕ್ಸನ್ ತೋರಿಸಿದಂತೆ ದೀರ್ಘವೃತ್ತ ಗೆಲಾಕ್ಸಿಯ ಹೊಳಪು ಸಿಗ್ಮಾದ ಸುಮಾರು ನಾಲ್ಕನೆಯ ಘಾತಕ್ಕೆ ಅನುಗುಣ. ನಮ್ಮ ಎರಡು ಗೆಲಾಕ್ಸಿಗಳು ಆ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತವೆ ಎಂದೇ ಇಟ್ಟುಕೊಳ್ಳಿ. ಸರಿಪಡಿಸದ 126.1 ಮತ್ತು 257.5 ಬಳಸಿ ರೇಖೆ ಎಳೆದರೆ ಘಾತ 4.6 ಬರುತ್ತದೆ. ಮೊದಲ ಸುತ್ತಿನ ಗ್ರಾಫಿನ ಓಟ ಕಡಿದಾಗಿದ್ದದ್ದು ಇದಕ್ಕೇ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮಂದ ಗೆಲಾಕ್ಸಿಗಳ ಕಡೆ ಹೋದಂತೆ ಈ ಘಾತ ನಿಜಕ್ಕೂ ಇಳಿದು 2ರ ಹತ್ತಿರಕ್ಕೆ ಬರುತ್ತದೆ. ಕೋಮಾ ಗುಚ್ಛದಲ್ಲೇ ಇದನ್ನು ಅಳೆದಿದ್ದಾರೆ. ಸಣ್ಣವುಗಳ ಸಿಗ್ಮಾವನ್ನು ಉಬ್ಬಿಸುವ ತಪ್ಪು ಈ ಬಾಗನ್ನು ಮುಚ್ಚಿಹಾಕುತ್ತದೆ. ಹುಡುಕಲು ಹೊರಟ ಸಂಗತಿಯೇ ಕೈತಪ್ಪಿದಂತೆ.

ದ್ರವ್ಯರಾಶಿಗೂ ಇದೇ ಗತಿ. ಗೆಲಾಕ್ಸಿಯ ಬೆಳಕನ್ನು ರೋಹಿತಮಾಪಕಕ್ಕೆ ಒಯ್ಯುವ ಎಸ್‌ಡಿಎಸ್‌ಎಸ್ ಫೈಬರಿನ ವ್ಯಾಸ 3 ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಡಿಗ್ರಿಯ 3600ನೇ ಭಾಗ), ಕೋಮಾದ ದೂರದಲ್ಲಿ ತ್ರಿಜ್ಯ ಸುಮಾರು 0.7 ಕಿಲೋಪಾರ್ಸೆಕ್ (ಒಂದು ಕಿಲೋಪಾರ್ಸೆಕ್ ಸುಮಾರು 3260 ಜ್ಯೋತಿರ್ವರ್ಷ). ಅದು ಗೆಲಾಕ್ಸಿಯ ನಡುವನ್ನಷ್ಟೇ ನೋಡುತ್ತದೆ. ಸಣ್ಣದರ ಅರ್ಧ ಬೆಳಕಿನ ತ್ರಿಜ್ಯ 4 ಆರ್ಕ್‌ಸೆಕೆಂಡ್, ಅಂದರೆ 1.9 ಕಿಲೋಪಾರ್ಸೆಕ್ ಎಂದುಕೊಳ್ಳೋಣ. 1.5ನ್ನು 4ರಿಂದ ಭಾಗಿಸಿ 0.066 ಘಾತಕ್ಕೆ ಏರಿಸಿದರೆ 0.94. ಇದರಿಂದ ಗುಣಿಸಿದಾಗ 110 ಇದ್ದದ್ದು ಆ ತ್ರಿಜ್ಯದೊಳಗಿನ ಸಿಗ್ಮಾ 103 ಆಗುತ್ತದೆ. 5 × ಸಿಗ್ಮಾದ ವರ್ಗ × ತ್ರಿಜ್ಯ ÷ ಗುರುತ್ವ ಸ್ಥಿರಾಂಕ ಎಂಬ ಸೂತ್ರ ಸುಮಾರು 2300 ಕೋಟಿ ಸೂರ್ಯರ ದ್ರವ್ಯರಾಶಿ ಕೊಡುತ್ತದೆ. ತಪ್ಪು ಸಿಗ್ಮಾ ಇಟ್ಟರೆ 3100 ಕೋಟಿ. ನಕ್ಷತ್ರಗಳ ಬೆಳಕಿನಿಂದ ಅಂದಾಜಿಸಿದ ದ್ರವ್ಯರಾಶಿಗೆ ಇದನ್ನು ಹೋಲಿಸಿ ಕಾಣದ ದ್ರವ್ಯ ಇಷ್ಟಿದೆ ಎಂದು ಬರೆಯುವವರು ಈ 800 ಕೋಟಿ ಸೂರ್ಯರು ಉಪಕರಣದಿಂದ ಬಂದವರು ಎಂದು ತಿಳಿದಿರಬೇಕು.

ಒಂದು ಫೈಬರ್ ಹೇಳಲಾರದ್ದು ತಿರುಗುವಿಕೆ. ನಡುವಿನ ಒಂದೇ ರೋಹಿತದಲ್ಲಿ ನಕ್ಷತ್ರಗಳ ಅಡ್ಡಾದಿಡ್ಡಿ ಚಲನೆ ಮತ್ತು ಕ್ರಮಬದ್ಧ ತಿರುಗುವಿಕೆ ಎರಡೂ ಕಲಸಿ ಒಂದೇ ಸಿಗ್ಮಾ ಆಗುತ್ತವೆ. ಹತ್ತಿರದ 260 ಗೆಲಾಕ್ಸಿಗಳನ್ನು ತುಂಡು ತುಂಡಾಗಿ ಅಳೆದ ಅಟ್ಲಾಸ್-3ಡಿ ಯೋಜನೆ ಅವುಗಳಲ್ಲಿ ನೂರಕ್ಕೆ 86 ಚೆನ್ನಾಗಿಯೇ ತಿರುಗುತ್ತವೆ, 14 ಮಾತ್ರ ನಿಧಾನ ಎಂದು ತೋರಿಸಿತು. ನಿಧಾನದವು ಗುಚ್ಛಗಳ ದಟ್ಟ ನಡುಭಾಗದಲ್ಲಿ ಹೆಚ್ಚು. ಪ್ರಾಜೆಕ್ಟನ್ನು ಮುಂದುವರಿಸುವವರಿಗೆ ಎಸ್‌ಡಿಎಸ್‌ಎಸ್ ಸಮೀಕ್ಷೆಯದೇ ಆದ ಮಂಗಾ ಯೋಜನೆಯಲ್ಲಿ ಸುಮಾರು 10,000 ಗೆಲಾಕ್ಸಿಗಳ ಇಂಥ ದತ್ತಾಂಶ ಉಚಿತವಾಗಿದೆ. ಅಲ್ಲಿಯೂ ಉಪಕರಣದ ಹರಡುವಿಕೆ ಸುಮಾರು 70 ಕಿಮೀ/ಸೆಯೇ. ಗೆಲಾಕ್ಸಿಯ ಅಂಚಿನ ಕಡೆ ಸಿಗ್ಮಾ ಇಳಿದಂತೆ ಇದೇ ಲೆಕ್ಕ ಮತ್ತೆ ಎದುರಾಗುತ್ತದೆ.

ವರದಿಯ ಕೋಷ್ಟಕದಲ್ಲಿ ಕೊನೆಗೆ ಪ್ರತಿ ಗೆಲಾಕ್ಸಿಗೆ ಅಳೆದ ಸಿಗ್ಮಾ, ದೋಷ, ಫೈಬರ್ ತಿದ್ದುಪಡಿಯ ನಂತರದ ಸಿಗ್ಮಾ, ಸಂಕೇತ-ಶಬ್ದ ಅನುಪಾತದ ಜೊತೆಗೆ ಬಳಸಿದ ಡಬ್ಲ್ಯೂಡಿಸ್ಪ್ ಬೆಲೆಯ ಕಾಲಂ ಒಂದನ್ನು ಸೇರಿಸಲಾಯಿತು. ಸರಿಪಡಿಸಿದ ಮೇಲೆ 70 ಕಿಮೀ/ಸೆಗಿಂತ ಕೆಳಗಿಳಿದ ಗೆಲಾಕ್ಸಿಗಳನ್ನು ತೆಗೆದುಹಾಕಲಿಲ್ಲ. ಅವುಗಳ ಮುಂದೆ ಸಂಖ್ಯೆಯ ಬದಲು 'ಸಿಗ್ಮಾ 70ಕ್ಕಿಂತ ಕಡಿಮೆ' ಎಂದು ಬರೆದು, ಗ್ರಾಫಿನಲ್ಲಿ ಎಡಕ್ಕೆ ತೋರಿಸುವ ಬಾಣದ ಗುರುತಿಟ್ಟು, ರೇಖೆ ಎಳೆಯುವಾಗ ಮಾತ್ರ ಹೊರಗಿಡಲಾಯಿತು.